ಯಾರಿಗೂ ಹೇಳಬಾರದ ಕಾಗದ

ಗುಂಜಿಯ ಮಹಿಳಾ ಸಂಘದ ಹತ್ತು ಹೆಂಗಸರಿಗೆ ಹಿಡಿದಿದ್ದ ಹುಚ್ಚು ಒಂದೇ: ಸಾಂಬ್ರಾದಿಂದ ವಿಮಾನ ಹತ್ತಿ ಬೆಂಗಳೂರು ನೋಡಿ ಬರಬೇಕು. ಅದಕ್ಕೆಂದೇ ಮೂರು ವರ್ಷ ಕೂಡಿಟ್ಟ ಹಣದಲ್ಲಿ ಖಾನಾಪುರದ ಬ್ಯಾಂಕು, ಯಾರೂ ಕೇಳದ ಇನ್ಸೂರೆನ್ಸಿನ ಹೆಸರಿನಲ್ಲಿ ಇಪ್ಪತ್ತೆರಡು ಸಾವಿರ ಕಡಿದುಬಿಟ್ಟಿತ್ತು. ಆರು ತಿಂಗಳು ಜಗಳಾಡಿದ ಮೇಲೆ ಟಿಳಕವಾಡಿಯ ದೊಡ್ಡ ಶಾಖೆಯಿಂದ ಕರೆ ಬಂತು. ಹತ್ತೂ ಮಂದಿ ಬುತ್ತಿ ಕಟ್ಟಿಕೊಂಡು ರೈಲು ಹತ್ತಿದರು.

"ಅರ್ಧ ಕೊಡ್ತೇವ್ರಿ ಅವ್ವಾರ, ಸಹಿ ಮಾಡಿದ್ರ ಇವತ್ತ ಜಮಾ" ಎಂದು ಮ್ಯಾನೇಜರ್ ಗೌರೀಶ ಕಾಗದ ಚಾಚಿದರು.

ಅಧ್ಯಕ್ಷೆ ಫಕೀರವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅರ್ಧ ತಗೊಂಡರೆ ಎಂಟು ಮಂದಿ ಹಾರಬಹುದು. ಉಳಿಯುವ ಇಬ್ಬರು ಯಾರು? ಒಲ್ಲೆ ಎಂದರೆ ಇನ್ನೆಷ್ಟು ತಿಂಗಳೋ! ಅಲ್ಲಿಯತನಕ ಎಲ್ಲರಿಗಿಂತ ಹಿರಿಯಳಾದ ಮಾಯಕ್ಕನ ಮೊಣಕಾಲು ತಡೆಯಬೇಕಲ್ಲ.

ಸಂಘದಲ್ಲೊಂದು ಪದ್ಧತಿ. ಯಾವ ಕಾಗದವೇ ಇರಲಿ, ಸಹಿಗೆ ಮೊದಲು ಎಲ್ಲರಿಗೂ ಕೇಳುವಂತೆ ಓದಬೇಕು, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಮ್ಯಾನೇಜರರ ಕೋಣೆಯಲ್ಲಿ ಹತ್ತು ಮಂದಿ ಹಿಡಿಸಲಿಲ್ಲ. ಗೌರೀಶ ಬ್ಯಾಡ ಬ್ಯಾಡ ಎನ್ನುತ್ತಿದ್ದಂತೆಯೇ ಅವರು ಕೌಂಟರಿನ ಮುಂದೆ, ಗಿರಾಕಿಗಳ ನಡುವೆ ಬೈಠಕ್ಕು ಹಾಕಿದರು. ಸಂಘದ ಲೆಕ್ಕ ಬರೆಯುವ ಪ್ರಮಿಳಾ ಓದಿದಳು: ಇನ್ಸೂರೆನ್ಸು ಅಧ್ಯಕ್ಷೆಯ ಜೀವದ ಮೇಲಿತ್ತು.

"ನೀ ಸತ್ತಿದ್ರ ಎರಡ ಲಕ್ಷ ಬರ್ತಿತ್ತಲ್ಲೇ! ಸುಮ್ನ ಬದುಕಿ ಲುಕ್ಸಾನ ಮಾಡಿದಿ" ಎಂದಳು ಮಾಯಕ್ಕ. ಹೆಂಗಸರು ಬಿದ್ದು ಬಿದ್ದು ನಕ್ಕರು.

ಕೊನೆಯ ಸಾಲು ಬಂತು: "ಈ ವಿಷಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲ."

"ಕುಣಾಲಾಚ್ ಸಾಂಗಾಯಚಂ ನಾಹೀ!" ಮಾಯಕ್ಕ ಅದನ್ನೇ ಮರಾಠಿಯಲ್ಲಿ ಕೂಗಿದಳು. ಎಮ್ಮೆಗಳನ್ನು ಕೂಗಿ ಕರೆದು ಪಳಗಿದ ಗಂಟಲು, ಬೀದಿಯತನಕ ಕೇಳಿತು.

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಹಣಮಪ್ಪ ಎಂಬ ಮುದುಕ ಪಾಸ್‌ಬುಕ್ ಬಿಚ್ಚಿಕೊಂಡು ಬಂದ. "ಯವ್ವಾ, ನನಗೂ ಕಡದಾರೇನ, ನೋಡ."

"ಹೌದ್ರೀ ಅಜ್ಜಾರ, ಎರಡ ವರ್ಷ ಕಡದಾರ!" ಎಂದಳು ಪ್ರಮಿಳಾ.

ಗೌರೀಶ ಒಳಗೋಡಿ ಫೋನು ಮಾಡಿ, ಬೆವರೊರೆಸುತ್ತ ಬಂದರು. "ನಿಮಗ ಪೂರ್ತಿ ಕೊಡ್ತೇವ್ರಿ. ಸಹಿ ಹಾಕಿ ಸುಮ್ನ ಊರಿಗೆ ಹೋಗ್ರಿ, ಸಾಕು."

ಪೂರ್ತಿ! ಹತ್ತೂ ಸೀಟು! ಫಕೀರವ್ವನಿಗೆ ಕುಣಿಯಬೇಕೆನಿಸಿತು. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ, ಹಣಮಪ್ಪ ಪಾಸ್‌ಬುಕ್ ಮಡಚಿ ಸದ್ದಿಲ್ಲದೆ ಬಾಗಿಲ ಕಡೆ ಹೊರಟಿದ್ದು ಕಂಡಿತು. ಅವಳಿಗೆ ಕೆಟ್ಟದೆನಿಸಿತು, ಸಿಟ್ಟೂ ಬಂತು.

"ಅಜ್ಜಾರ, ನಿಲ್ರಿ! ಸಾಹೇಬ್ರ, ಕಾಗದದಾಗಿನ ಆ ಕಡೀ ಸಾಲು ಹೊಡದ ಹಾಕ್ರಿ. ಇವ್ರ ರೊಕ್ಕಾನೂ ಕೊಡ್ತೇವಂತ ಬರಕೊಡ್ರಿ. ಇಲ್ಲಾಂದ್ರ ನಮಗ ವಿಮಾನಾನೂ ಬ್ಯಾಡ, ನಿಮ್ಮ ರೊಕ್ಕಾನೂ ಬ್ಯಾಡ." ಅಂದಮೇಲೆ, ಯಾರನ್ನೂ ಕೇಳಲಿಲ್ಲವಲ್ಲ ಎನಿಸಿತು. ಹಿಂದಿದ್ದ ಒಂಬತ್ತು ಮಂದಿಯ ಮುಖ ನೋಡಿದಳು.

"ಏನ ನೋಡ್ತೀ? ಬ್ಯಾಡ ಅಂದ್ರ ಬ್ಯಾಡ!" ಎಂದು ಮಾಯಕ್ಕ ನೆಲದ ಮೇಲೇ ಬುತ್ತಿ ಬಿಚ್ಚಿದಳು.

ಬ್ಯಾಂಕಿನ ತುಂಬ ಪಾಸ್‌ಬುಕ್ಕುಗಳು ಬಿಚ್ಚಿಕೊಳ್ಳತೊಡಗಿದ್ದವು. ಗೌರೀಶ ಎಲ್ಲರನ್ನೂ ನೋಡಿ, ಫಕೀರವ್ವನ ಕೈಯ ಪೆನ್ನು ಇಸಿದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದರು. ಆಮೇಲೆ ಹಣಮಪ್ಪನಿಗೆ ಕುರ್ಚಿ ಎಳೆದು ಹಾಕಿದರು. "ಕುಂದರ್ರಿ ಅಜ್ಜಾರ."

ಮುದುಕ ಅಂಜುತ್ತ ಕುಳಿತ. "ಯವ್ವಾ, ನಂದ ಮುಗಿಯೂತನಕ ಇರ್ತೀಯಲ್ಲ?"

"ಇರ್ತೇವ್ರೀ" ಎಂದು ಫಕೀರವ್ವ ನಗುತ್ತ ಅವನಿಗೊಂದು ರೊಟ್ಟಿ ಕೊಟ್ಟಳು.