ಬರಿ ಹಣೆಯ ಬೀಗರು

ಇಂಗ್ಲಿಷರು ಊರು ಬಿಟ್ಟು ಹೋಗಿ ವರ್ಷವಾಗಿತ್ತು. ಅವರ ರಾಜರು ಮಾತ್ರ ಹೈಸ್ಕೂಲಿನ ಸಿಲಬಸ್ಸಿನಲ್ಲಿ ಇನ್ನೂ ಜಮಾಯಿಸಿಕೊಂಡು ಕೂತಿದ್ದರು. ಚಾಮರಾಜಪೇಟೆಯ ಚರಿತ್ರೆ ಮೇಷ್ಟ್ರು ಬದರೀನಾರಾಯಣ ಅವರಿಗೆ ಇದರಿಂದ ಬೇಜಾರೇನೂ ಇರಲಿಲ್ಲ. ಅವರ ಪ್ರಾಣವೆಲ್ಲ ಇದ್ದದ್ದು ಒಂದೇ ಪಾಠದಲ್ಲಿ. ಅದು ಗುಲಾಬಿ ಯುದ್ಧಗಳ ಪಾಠ.

ಆ ಪಾಠದ ದಿನ ಮೇಷ್ಟ್ರು ಒಗೆದ ಪಂಚೆ ಉಟ್ಟು, ಇಸ್ತ್ರಿ ಮಾಡಿದ ಕೋಟು ಹಾಕಿ, ರುಮಾಲು ಸುತ್ತಿಕೊಂಡು ಬರುತ್ತಿದ್ದರು. ಪುಸ್ತಕ ತೆರೆಯುತ್ತಿರಲಿಲ್ಲ.

"ನೋಡ್ರಪ್ಪಾ, ಮೂರನೇ ಎಡ್ವರ್ಡ್ ಅಂತ ಒಬ್ಬ ರಾಜ. ಅವನ ವಂಶದೋರೇ ಈ ಎರಡು ಮನೆ. ಯಾರ್ಕ್ ಮನೆಯೋರದ್ದು ಬಿಳಿ ಗುಲಾಬಿ, ಲ್ಯಾಂಕಾಸ್ಟರ್ ಮನೆಯೋರದ್ದು ಕೆಂಪು. ದೇವರು ಒಂದೇ, ಚರ್ಚು ಒಂದೇ, ಊಟ ಒಂದೇ, ಮುತ್ತಾತನೂ ಒಬ್ಬನೇ. ಗುರುತು ಮಾತ್ರ ಬೇರೆ. ಅಷ್ಟಕ್ಕೇ ಮೂವತ್ತು ವರ್ಷ ಕಡಿದಾಡಿದ್ರು! ಬುದ್ಧಿ ಇತ್ತೇನ್ರೋ ಅವರಿಗೆ?"

"ಇಲ್ಲಾ ಸಾರ್!" ಎಂದು ಹುಡುಗರು ಸೂರು ಹಾರಿಹೋಗುವಂತೆ ಕೂಗುತ್ತಿದ್ದರು.

ಯಾರ್ಕಿನ ಡ್ಯೂಕನ ತಲೆ ಕಡಿದು, ಅದಕ್ಕೊಂದು ಕಾಗದದ ಕಿರೀಟ ಇಟ್ಟು, ಅವನದೇ ಊರಿನ ಹೆಬ್ಬಾಗಿಲ ಮೇಲೆ ಸಿಕ್ಕಿಸಿದ್ದನ್ನು ಮೇಷ್ಟ್ರು ಅಭಿನಯಿಸಿ ತೋರಿಸುತ್ತಿದ್ದರು. ಟೌಟನ್ ಎಂಬಲ್ಲಿ ಸುರಿಯುವ ಹಿಮದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ಸಾವಿರಾರು ಜನ ಸತ್ತದ್ದನ್ನು ಹೇಳುವಾಗ ದನಿ ಇಳಿಸುತ್ತಿದ್ದರು. ಕೊನೆಗೆ ಲ್ಯಾಂಕಾಸ್ಟರ್ ಕಡೆಯ ಏಳನೇ ಹೆನ್ರಿ ಯಾರ್ಕ್ ಮನೆಯ ಎಲಿಜಬೆತ್‌ಳನ್ನು ಮದುವೆಯಾಗಿ, ಎರಡು ಬಣ್ಣದ ಗುಲಾಬಿಗಳನ್ನು ಒಂದು ಮಾಡಿ ಲಾಂಛನ ಮಾಡಿಕೊಂಡ ಎಂದಾಗ ಗಂಟೆ ಹೊಡೆಯಬೇಕು. ಹೊಡೆಯುತ್ತಲೂ ಇತ್ತು. ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಏಕಾಂತಯ್ಯನವರು ಈ ಗಲಾಟೆಯಲ್ಲಿ ತಮ್ಮ ಪಾಠ ಕೈಬಿಟ್ಟು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಏಕಾಂತಯ್ಯ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗಳ ಮನೆಯವರು, ಹಣೆ ತುಂಬ ವಿಭೂತಿ. ಸಲಿಗೆಯಿಂದ ಒಮ್ಮೆ ಕೇಳಿಯೇಬಿಟ್ಟರು. "ಅಲ್ಲ ಮೇಷ್ಟ್ರೇ, ನಿಮ್ಮ ಅಯ್ಯಂಗಾರ್ರಲ್ಲೂ ಎರಡು ಗುಲಾಬಿ ಇದೆಯಲ್ಲ, ಹಣೆ ಮೇಲೆ?"

ಅವರು ಕೇಳಿದ್ದು ನಾಮದ ಮಾತು. ಬದರೀನಾರಾಯಣರದು ವಡಗಲೆ ಪಂಗಡ. ಅವರ ನಾಮ ಹುಬ್ಬಿನ ನಡುವೆಯೇ ದುಂಡಗೆ ತಿರುಗಿ ಮೇಲೇರುತ್ತದೆ. ತೆಂಗಲೆಯವರ ನಾಮಕ್ಕೆ ಮೂಗಿನ ಮೇಲೆ ಇಳಿಯುವ ಒಂದು ಪಾದ ಉಂಟು. ದೇವರು ಅದೇ, ಮೂಲಗುರುವೂ ಒಬ್ಬರೇ. ಆದರೂ ಇಷ್ಟೇ ಇಷ್ಟು ಪಾದಕ್ಕಾಗಿ ದೇವರ ಉತ್ಸವವೇ ನಡುಬೀದಿಯಲ್ಲಿ ನಿಂತದ್ದುಂಟು, ಕೋರ್ಟು ಕಚೇರಿ ಹತ್ತಿದವರುಂಟು.

"ಅದೆಲ್ಲ ನಮ್ಮ ತಾತಂದಿರ ಕಾಲಕ್ಕೇ ಮುಗೀತು ಬಿಡಿ. ನಾವು ಓದಿದೋರು" ಎಂದು ಮೇಷ್ಟ್ರು ನಕ್ಕರು.

ಆ ವರ್ಷವೇ ಮಗಳು ಗೋದಾಗೆ ಸಂಬಂಧ ಬಂತು. ಹುಡುಗ ರಾಮಾನುಜ, ಸರ್ಕಾರದ ಅಠಾರಾ ಕಚೇರಿಯಲ್ಲಿ ಗುಮಾಸ್ತ. ಅವನ ತಂದೆ ಮಲ್ಲೇಶ್ವರದ ಶ್ರೀನಿವಾಸ ಅಯ್ಯಂಗಾರ್ಯರು, ಅಂಚೆ ಇಲಾಖೆಯಿಂದ ನಿವೃತ್ತರು. ಬೀದಿಗೆಲ್ಲ ಅವರು ಶೀನಣ್ಣ. ಜಾತಕ ಕೂಡಿತು, ಹುಡುಗ ಗೋದಾಗೆ ಬಹಳ ಹಿಡಿಸಿದ. ಅವರು ತೆಂಗಲೆಯವರು ಎಂಬುದೊಂದೇ ಅಡ್ಡಿ. ಮೇಷ್ಟ್ರ ಹೆಂಡತಿ ಅಲಮೇಲು ಅನುಮಾನಿಸಿದರು, ದಾಯಾದಿಗಳು ಮೂಗು ಮುರಿದರು. ಮೇಷ್ಟ್ರು ಮಾತ್ರ ಜಗುಲಿಯ ಮೇಲೆ ನಿಂತು, "ಏಳನೇ ಹೆನ್ರಿ ಮಾಡಿದ್ದನ್ನ ನಾನು ಮಾಡ್ಬಾರದಾ?" ಎಂದು ಬೀದಿಗೆಲ್ಲ ಕೇಳಿಸುವಂತೆ ಹೇಳಿದರು. ಒಪ್ಪಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಖುಷಿ ಅವರಿಗೆ ಈ ಹೋಲಿಕೆ ಹೊಳೆದದ್ದರಲ್ಲಿ ಇತ್ತು.

"ಆ ಎಲಿಜಬೆತ್‌ನ ಯಾರಾದ್ರೂ ಒಂದು ಮಾತು ಕೇಳಿದ್ರಾ ಅಪ್ಪಾ?" ಎಂದಳು ಗೋದಾ, ಹೂ ಕಟ್ಟುತ್ತ.

"ಪುಸ್ತಕದಲ್ಲಿ ಅದೆಲ್ಲ ಬರೆಯಲ್ಲಮ್ಮ. ನಾನು ನಿನ್ನ ಕೇಳಿದೀನಲ್ಲ, ಅಷ್ಟು ಸಾಲ್ದಾ?"

ಸಾಕು ಎಂಬಂತೆ ಅವಳು ತಲೆಯಾಡಿಸಿದಳು. ಮುಖವೆಲ್ಲ ನಗು ತುಂಬಿಕೊಂಡಿತ್ತು.

ಉಳಿದದ್ದು ಮದುವೆಮನೆಯಲ್ಲಿ ಪಾಸುರ ಹೇಳುವ ಪ್ರಶ್ನೆ. ಅಯ್ಯಂಗಾರ್ಯರ ಮದುವೆಯೆಂದ ಮೇಲೆ ಹಿರಿಯರು ಸಾಲಾಗಿ ಕೂತು ಆಳ್ವಾರರ ಪಾಸುರಗಳನ್ನು, ಎಂದರೆ ತಮಿಳು ಸ್ತೋತ್ರಗಳನ್ನು, ಹೇಳಬೇಕು. ಪಾಸುರಗಳು ಇಬ್ಬರಿಗೂ ಒಂದೇ. ಅದಕ್ಕೆ ಮೊದಲು ಆಯಾ ಪಂಗಡದ ಗುರುವಿಗೆ ವಂದಿಸುವ ಒಂದು ಶ್ಲೋಕ ಉಂಟು, ಅದು ಮಾತ್ರ ವಡಗಲೆಗೆ ಒಂದು, ತೆಂಗಲೆಗೆ ಇನ್ನೊಂದು. ರಗಳೆಯೆಲ್ಲ ಹುಟ್ಟುವುದು ಅಲ್ಲಿ. ಮೇಷ್ಟ್ರು ಮಲ್ಲೇಶ್ವರಕ್ಕೆ ಹೋಗಿ, "ನಿಮ್ಮದೂ ಬೇಡ, ನಮ್ಮದೂ ಬೇಡ. ನೇರವಾಗಿ ಪಾಸುರಕ್ಕೆ ಹೋಗ್ಬಿಡೋಣ" ಎಂದರು. ಶೀನಣ್ಣ ಒಂದು ಮಾತೂ ಎದುರಾಡದೆ ಒಪ್ಪಿದರು. ಕಾಫಿ ಕುಡಿದು ಬಸ್ಸು ಹತ್ತಿದ ಮೇಷ್ಟ್ರು ದಾರಿಯುದ್ದಕ್ಕೂ ತಮ್ಮ ಜಾಣತನವನ್ನು ತಾವೇ ಮೆಚ್ಚಿಕೊಂಡರು.

ಮದುವೆಯ ಬೆಳಿಗ್ಗೆ ಛತ್ರ ತುಂಬಿತ್ತು. ರೇಷನ್ ಕಾಲವಾದರೂ ಅಡಿಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ಕೆಂಪು ಬಿಳಿ ಗುಲಾಬಿ ಸೇರಿಸಿ ಹಾರ ಕಟ್ಟಿಸಿದ್ದ ಮೇಷ್ಟ್ರು, ಬಂದವರಿಗೆಲ್ಲ ಅದರ ಅರ್ಥ ಬಿಡಿಸಿ ಹೇಳುತ್ತಿದ್ದರು. ಏಕಾಂತಯ್ಯನವರಿಗಂತೂ ಎರಡು ಸಲ ಹೇಳಿದರು. ಹಾರ ಬದಲಾಯಿಸಿದ್ದು ಆಯಿತು, ಉಯ್ಯಾಲೆ ಆಯಿತು. ಮುಹೂರ್ತಕ್ಕೆ ಇನ್ನು ಸ್ವಲ್ಪವೇ ಹೊತ್ತು. ಹಿರಿಯರು ಪಾಸುರ ಹೇಳಲು ಕೂತರು.

ಶೀನಣ್ಣನ ಚಿಕ್ಕಪ್ಪ ಒಬ್ಬರಿದ್ದರು, ಹಣ್ಣು ಮುದುಕರು, ಕಿವಿ ಪೂರಾ ಮಂದ. ಒಪ್ಪಂದದ ಸುದ್ದಿ ಅವರ ತಲೆಗೆ ಹೋಗಿರಲೇ ಇಲ್ಲ. ಜನ ಸಾಲಾಗಿ ಕೂತದ್ದು ಕಂಡರು, ಕಣ್ಣು ಮುಚ್ಚಿದರು, ಜೀವಮಾನವೆಲ್ಲ ಮಾಡಿದ ಹಾಗೆ ಕೈಮುಗಿದು ತಮ್ಮ ಪಂಗಡದ ಶ್ಲೋಕವನ್ನು ನಡುಗುವ ದನಿಯಲ್ಲಿ ಶುರು ಮಾಡಿಬಿಟ್ಟರು.

ಅಷ್ಟೇ ಆದದ್ದು. ಒಬ್ಬರು ಹೋಗಿ ಮೊಣಕೈ ಮುಟ್ಟಿದ್ದರೆ ನಿಲ್ಲಿಸುತ್ತಿದ್ದರು. ಶೀನಣ್ಣ ಅದಕ್ಕೆಂದೇ ಏಳುತ್ತಲೂ ಇದ್ದರು. ಆದರೆ ವಡಗಲೆಯ ಕಡೆಯಿಂದ ಯಾರೋ ಗಂಟಲು ಕೆರೆದರು, ಇನ್ಯಾರೋ "ಹೂಂ, ನೋಡ್ತಾ ಕೂತ್ಕೊಳ್ಳಿ" ಎಂದರು. ಬದರೀನಾರಾಯಣರಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲಿತ್ತೋ ಅದು, ಅಷ್ಟು ವರ್ಷ ಚರಿತ್ರೆ ಪಾಠ ಹೇಳಿದ ಮನುಷ್ಯನ ಒಳಗೆ! ಅವರು ಎದ್ದು ನಿಂತು, ಕೊನೆಯ ಬೆಂಚಿಗೂ ಕೇಳಿಸುವ ಕಂಠದಲ್ಲಿ ತಮ್ಮ ಪಂಗಡದ ಶ್ಲೋಕವನ್ನು ಆ ಮುದುಕರ ಶ್ಲೋಕದ ಮೇಲೆ ಹೇರಿದರು. ಅವರ ಹಿಂದೆ ಇಪ್ಪತ್ತು ಕಂಠ ಸೇರಿತು. ಆ ಕಡೆಯವರೂ ಸುಮ್ಮನಿರಲಿಲ್ಲ, ಮುದುಕರ ಜೊತೆ ದನಿಗೂಡಿಸಿದರು. ಶಲ್ಯಗಳು ಜಾರಿದವು, ಯಾರದೋ ಕೈ ಯಾರದೋ ಜುಟ್ಟಿಗೆ ಹೋಯಿತು. ದೇವರ ಸ್ತೋತ್ರ ಇಷ್ಟು ಕೆಟ್ಟದಾಗಿ ಆ ಛತ್ರದಲ್ಲಿ ಎಂದೂ ಕೇಳಿಸಿರಲಿಲ್ಲ. ಚಿಕ್ಕಪ್ಪ ಮಾತ್ರ ಏನೊಂದೂ ತಿಳಿಯದೆ, ಕಣ್ಣು ಮುಚ್ಚಿಯೇ ತಮ್ಮ ಶ್ಲೋಕ ಮುಗಿಸಿದರು.

"ಮೇಷ್ಟ್ರೇ, ಕೂತ್ಕೊಳ್ಳಿ. ಮಗಳ ಮದುವೆ ಕಣ್ರೀ" ಎಂದು ಏಕಾಂತಯ್ಯ ಅವರ ತೋಳು ಹಿಡಿದರು.

ಮೇಷ್ಟ್ರು ಕೊಡವಿಕೊಂಡರು. "ಮಾತು ಕೊಟ್ಟು ತಪ್ಪೋ ಜನ ಇವರು! ಆ ನಾಮ ಹಣೆ ಮೇಲೆ ಇರೋವರೆಗೂ ನಾನು ಇವರ ಮನೆ ಗಂಡಿನ ಪಾದ ತೊಳೆಯೋದಿಲ್ಲ! ಅಳಿಸ್ಕೊಂಡು ಬಂದು ಕೂರಲಿ, ಆಮೇಲೆ ಧಾರೆ!"

ಜುಟ್ಟು ಹಿಡಿದಿದ್ದ ಕೈಗಳೂ ಸಡಿಲವಾದವು. ಅಯ್ಯಂಗಾರ್ಯರಲ್ಲಿ ಬರಿ ಹಣೆ ಎಂದರೆ ಸೂತಕದ ಹಣೆ. ಶುಭಕಾರ್ಯದಲ್ಲಿ ಯಾರಿಗಾದರೂ ಹೇಳುವ ಮಾತೇ ಅದು? ಕೋಣೆಯ ಬಾಗಿಲಲ್ಲಿ ಹಸೆಗೆ ಬರಲು ಸಿದ್ಧಳಾಗಿ ನಿಂತಿದ್ದ ಗೋದಾ ಅದನ್ನು ಕೇಳಿದಳು. ಈ ಮುಹೂರ್ತ ತಪ್ಪಿದರೆ ರಾಮಾನುಜ ಅವಳಿಗೆ ತಪ್ಪಿದ ಹಾಗೆ. ಹಸೆಯವರೆಗೂ ಬಂದು ನಿಂತ ಹೆಣ್ಣನ್ನು ಆಮೇಲೆ ಕೇಳುವವರು ಯಾರು ಎಂಬುದೂ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಗಂಡಿನ ಕಡೆಯವರು ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾರೆ ಎಂದೇ ಎಲ್ಲರೂ ಎಣಿಸಿದರು. ಶೀನಣ್ಣ ನಿಧಾನವಾಗಿ ಹಸೆಯ ಹತ್ತಿರ ಬಂದರು. ಕಲಶದ ಪಕ್ಕದ ಚೊಂಬಿನ ನೀರಲ್ಲಿ ಶಲ್ಯದ ಅಂಚು ಅದ್ದಿ, ತಮ್ಮ ಹಣೆಯ ನಾಮವನ್ನು ಒರೆಸಿದರು. ಒಂದೇ ಸಲಕ್ಕೆ ಹೋಗಲಿಲ್ಲ, ಮತ್ತೆ ಅದ್ದಿ ಒರೆಸಿದರು. ಗಂಡಿನ ತಾಯಿ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತರು. ರಾಮಾನುಜ ಅಪ್ಪನನ್ನು ನೋಡಿದ, ಅದೇ ಚೊಂಬಿಗೆ ಕೈ ಅದ್ದಿ ತನ್ನ ನಾಮವನ್ನೂ ತೊಳೆದುಕೊಂಡ.

"ಮುಹೂರ್ತ ಮೀರ್ತಾ ಇದೆ ಬೀಗರೇ. ಪಾಪ, ಆ ಮಗು ಬೆಳಗಿಂದ ಉಪವಾಸ ಇದೆ. ಬನ್ನಿ, ಪಾದ ತೊಳೀರಿ" ಎಂದರು ಶೀನಣ್ಣ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಆಗ ಒಂದು ಮಾತು ಹೇಳಬಹುದಿತ್ತು. ತಪ್ಪಾಯಿತು, ನಾಮ ಇಟ್ಟುಕೊಂಡು ಬನ್ನಿ, ಕಾಯುತ್ತೇನೆ ಎಂದರೆ ಮುಗಿಯುತ್ತಿತ್ತು. ಹಿಂದೆ ಅವರ ಪಂಗಡದವರು ಗೆದ್ದೆವೆಂದು ಬೀಗುತ್ತ ನಿಂತಿದ್ದರು, ಮುಂದೆ ಪುರೋಹಿತರು ಅವಸರ ಮಾಡುತ್ತಿದ್ದರು. ಮೇಷ್ಟ್ರು ಮಣೆಯ ಮೇಲೆ ಕೂತು ತಟ್ಟೆಯಲ್ಲಿಟ್ಟ ಅಳಿಯನ ಪಾದಗಳನ್ನು ಹಿಡಿದರು. ಗಿಂಡಿಯಿಂದ ನೀರು ಬಿಡುತ್ತಿದ್ದ ಅಲಮೇಲು ಗಂಡನ ಮುಖದ ಕಡೆ ತಿರುಗಲೂ ಇಲ್ಲ. ಧಾರೆಯ ಹೊತ್ತಿಗೆ ವರನೆಂದರೆ ಸಾಕ್ಷಾತ್ ವಿಷ್ಣು ಎಂದು ಪುರೋಹಿತರು ಹೇಳುತ್ತಿದ್ದರು. ಆ ವಿಷ್ಣುವಿನ ಹಣೆಯ ಕಡೆ ಕಣ್ಣೆತ್ತಲು ಮೇಷ್ಟ್ರಿಗೆ ಧೈರ್ಯ ಬರಲಿಲ್ಲ. ತೊಳೆದ ಪಾದವನ್ನೇ ಮತ್ತೆ ಮತ್ತೆ ತೊಳೆದರು. ಸಾಕು ಎಂದು ಪುರೋಹಿತರೇ ತಡೆಯಬೇಕಾಯಿತು.

ಪದ್ಧತಿಯಂತೆ ಮಗಳು ಅಪ್ಪನ ತೊಡೆಯ ಮೇಲೆ ಕೂತು ಮಾಂಗಲ್ಯ ಕಟ್ಟಿಸಿಕೊಳ್ಳಬೇಕು. ಗೋದಾ ಬಂದು ಕೂತಳು. ಕೂತಳು ಎಂಬುದು ಹೆಸರಿಗೆ ಮಾತ್ರ. ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದು, ಮೈಯ ಭಾರವನ್ನು ಅಪ್ಪನ ಮೇಲೆ ಬಿಡದೆ ಕೂತಿದ್ದಳು. ನೋಡಿದವರಿಗೆ ಅದು ಗೊತ್ತಾಗುವಂತಿರಲಿಲ್ಲ. ಮೇಷ್ಟ್ರಿಗೆ ಗೊತ್ತಾಯಿತು. ಬರಿ ಹಣೆಯ ಹುಡುಗ ಬಾಗಿ ತಾಳಿ ಕಟ್ಟಿದ, ವಾಲಗದವರು ಜೋರಾಗಿ ಬಾರಿಸಿದರು, ಎಲ್ಲರೂ ಅಕ್ಷತೆ ಹಾಕಿದರು.

ಊಟದ ಹೊತ್ತಿಗೆ ಬೀಗರು ಮತ್ತೆ ನಾಮ ತಿದ್ದಿಕೊಂಡು ಬಂದಿದ್ದರು. ಜಾಗ ಬೇಕಾದಷ್ಟಿದ್ದರೂ ಶೀನಣ್ಣ ಹುಡುಕಿಕೊಂಡು ಬಂದು ಮೇಷ್ಟ್ರ ಪಕ್ಕದ ಎಲೆಗೇ ಕೂತರು.

"ಬೀಗರೇ, ನಾನು ಆಡಬಾರದ್ದು ಆಡ್ಬಿಟ್ಟೆ" ಎಂದರು ಮೇಷ್ಟ್ರು, ಎಲೆ ನೋಡುತ್ತ.

"ಅಯ್ಯೋ ಬಿಡಿ, ನಮ್ಮ ಚಿಕ್ಕಪ್ಪನಿಗೆ ನಾನು ಸರಿಯಾಗಿ ತಿಳಿಸಿ ಹೇಳ್ಬೇಕಿತ್ತು. ತಪ್ಪು ನಂದೇ. ಪುಳಿಯೋಗರೆ ಬಹಳ ಚೆನ್ನಾಗಿದೆ, ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ" ಎಂದು ಶೀನಣ್ಣ ಬಡಿಸುವವನನ್ನು ಕರೆದರು.

ಸಂಜೆ ಮಲ್ಲೇಶ್ವರಕ್ಕೆ ಹೊರಡಲು ಜಟಕಾ ಬಂತು. ಗೋದಾ ಅಮ್ಮನನ್ನು ತಬ್ಬಿಕೊಂಡು ಚೆನ್ನಾಗಿ ಅತ್ತಳು. ಅಪ್ಪನಿಗೆ ನಮಸ್ಕಾರ ಮಾಡಿ ಎದ್ದಾಗ ಅವಳ ಕಣ್ಣು ಒಣಗಿತ್ತು. ಮೇಷ್ಟ್ರು ಜಟಕಾದವರೆಗೂ ಹಿಂದೆಯೇ ಹೋದರು.

"ಶುಕ್ರವಾರ ಸ್ಕೂಲು ಬಿಟ್ಟ ತಕ್ಷಣ ಬಂದು ನೋಡ್ಕೊಂಡು ಹೋಗ್ತೀನಮ್ಮ" ಎಂದರು.

ಗೋದಾ ಗಾಡಿ ಹತ್ತಿ ಕೂತಳು, ಸೆರಗು ಸರಿಮಾಡಿಕೊಂಡಳು, ಮಾವ ಇನ್ನೂ ಛತ್ರದ ಒಳಗೇ ಇರುವುದನ್ನು ನೋಡಿಕೊಂಡಳು.

"ಸ್ವಲ್ಪ ದಿನ ನೀವು ಬರ್ಬೇಡಿ ಅಪ್ಪಾ" ಎಂದಳು ಮೆಲ್ಲಗೆ. "ಬಂದ್ರೆ ಮಾವ ನಿಮ್ಮನ್ನ ಬಹಳ ಚೆನ್ನಾಗಿ ನೋಡ್ಕೋತಾರೆ. ಅದನ್ನ ನನ್ನ ಕೈಲಿ ನೋಡೋಕಾಗಲ್ಲ."