ಹೊಸ್ತಿಲು ದಾಟಿದ ವೈರು

ಮಂಚದ ಕೆಳಗೆ ತೆವಳಿಕೊಂಡು ಹೋಗಿ ಅವಳು ಗೋಡೆಯ ಸಾಕೆಟ್ಟಿಗೆ ಇಂಟರ್ನೆಟ್ ವೈರನ್ನು ಮತ್ತೊಮ್ಮೆ ಚುಚ್ಚಿದಳು. ಲ್ಯಾಪ್‌ಟಾಪಿನ ಹಸಿರು ದೀಪ ಹೊತ್ತಲಿಲ್ಲ.

ಸಂಜೆಯೊಳಗೆ ಗೈಡಿಗೆ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯ ಕಳಿಸಬೇಕು. ಅಧ್ಯಾಯದ ಹೆಸರು 'ನಗರಜೀವನದಲ್ಲಿ ಒಂಟಿತನ'. ಬೆಳಿಗ್ಗೆಯೇ ಹಾಸ್ಟೆಲ್ ಆಫೀಸಿನಲ್ಲಿ ದೂರು ಹೇಳಿ ಬಂದಿದ್ದಳು. ನೆಟ್‌ವರ್ಕಿನವನು ಬರ್ತಾನೆ ಎಂದಿದ್ದರು. ಯಾವಾಗ ಎಂದು ಕೇಳಿದ್ದಕ್ಕೆ, ಬಂದಾಗ ಎಂದಿದ್ದರು.

ಪಕ್ಕದ ರೂಮಿನ ಬಾಗಿಲ ಮುಂದೆ ಕೈಯೆತ್ತಿ ಸ್ವಲ್ಪ ಹೊತ್ತು ನಿಂತಳು. ಒಳಗಿರುವವರ ಸೀನು, ಕೆಮ್ಮು, ಫೋನಿನ ಜಗಳ, ಎಲ್ಲವೂ ಗೋಡೆಯಾಚೆಯಿಂದ ಪರಿಚಯ. ಮುಖ ಮಾತ್ರ ಗೊತ್ತಿಲ್ಲ.

ಬಡಿದಳು. ಗುಂಗುರು ಕೂದಲಿನ ಹುಡುಗಿಯೊಬ್ಬಳು ಬಾಗಿಲು ತೆರೆದಳು.

"ನಿಮಗೆ ನೆಟ್ ಬರ್ತಿದೆಯಾ?"

"ಬರ್ತಿದೆ. ನೀವು ಪಕ್ಕದವರಲ್ವಾ?" ಒಳಕ್ಕೆ ತಿರುಗಿ, "ಅಕ್ಕಾ, ಬೀಗ ಬಂದಿದೆ ನೋಡು," ಎಂದಳು.

"ಏನಂದ್ರಿ?"

"ಬೇಜಾರಾಗ್ಬೇಡಿ, ನಾವು ನಿಮಗಿಟ್ಟಿರೋ ಹೆಸರು. ನಿಮ್ಮ ಬಾಗಿಲಲ್ಲಿ ನಾವು ನೋಡಿದ್ದು ಅದೊಂದನ್ನೇ."

ತನಗೆ ಸಿಟ್ಟು ಬರಬೇಕಿತ್ತು ಎಂದು ಅವಳಿಗೆ ಹೊಳೆಯಿತು. ಬರಲಿಲ್ಲ. ಯಾರೋ ಕೂತು, ಯೋಚಿಸಿ, ತನಗೊಂದು ಹೆಸರಿಟ್ಟಿದ್ದರು.

ಅವಳೂ ಆ ಹುಡುಗಿಗೆ ಮನಸ್ಸಲ್ಲೇ ಗುಂಗುರು ಎಂದು ಹೆಸರಿಟ್ಟಳು. ಗುಂಗುರುವಿನ ಹತ್ತಿರ ಉದ್ದನೆಯ ವೈರೊಂದಿತ್ತು. ಒಳಗಿದ್ದ ಸೀನಿಯರ್ ಅಕ್ಕ ತಲೆಗೆ ಟವೆಲು ಸುತ್ತಿಕೊಂಡೇ ಕಾರಿಡಾರಿನಲ್ಲಿ ಮಂಡಿಯೂರಿ, ತಮ್ಮ ಸಾಕೆಟ್ಟಿನಿಂದ ಎರಡು ರೂಮುಗಳ ಹೊಸ್ತಿಲ ಮೇಲೆ ಅದನ್ನು ಎಳೆದು ಟೇಪು ಹಚ್ಚಿದಳು. ದೀಪ ಹೊತ್ತಿತು. ಬಾಗಿಲು ಮಾತ್ರ ಮುಚ್ಚುವಂತಿರಲಿಲ್ಲ.

ಅಲ್ಲಿಂದ ಶುರುವಾಯಿತು. ಬಕೆಟ್ಟು ಹಿಡಿದು ಕಾರಿಡಾರಿನಲ್ಲಿ ಹೊರಟಿದ್ದ ಹುಡುಗಿಯೊಬ್ಬಳು ಎಡವಿ, "ಇದೇನು, ನಮ್ಮನ್ನ ಬೀಳಿಸೋಕೆ ಬಲೆಯಾ?" ಎಂದು ಒಳಗೆ ಇಣುಕಿದಳು. ಇಣುಕಿದವಳು ಕೂತಳು. ಅಕ್ಕ ಚಹಾ ತಂದಳು. ಮಂಚ ತುಂಬಿತು. ಗುಂಗುರು ಪರದೆಯ ಮೇಲೆ ಬಗ್ಗಿ, "ಒಂಟಿತನಕ್ಕೆ ಇಷ್ಟೊಂದು ಪುಟಾನಾ? ಪೂರ್ತಿ ಒಬ್ಬಳೇ ಬರೆದ್ಯಾ?" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅದನ್ನು ಬರೆದವಳೇ. ತನ್ನ ನಗು ಆ ರೂಮಿನಲ್ಲಿ ಹೇಗೆ ಕೇಳಿಸುತ್ತದೆ ಎಂದು ಅದುವರೆಗೆ ಅವಳಿಗೇ ಗೊತ್ತಿರಲಿಲ್ಲ. ಆ ಗದ್ದಲದಲ್ಲೇ ಅಧ್ಯಾಯ ಗೈಡಿಗೆ ಹೋಯಿತು.

"ಊಟ ಮುಗಿಸ್ಕೊಂಡು ಬರ್ತೀವಿ ಕಣೆ ಬೀಗ. ಬಾಗಿಲು ಹೆಂಗೂ ತೆಗೆದೇ ಇರತ್ತಲ್ಲ," ಎಂದು ಎಲ್ಲರೂ ಎದ್ದರು.

ಒಬ್ಬಳೇ ಉಳಿದಾಗ, ಸುಮ್ಮನೆ, ಗುಂಗುರುವಿನ ವೈರು ಕಿತ್ತು ತನ್ನ ಹಳೆಯದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅದರ ತುದಿಯ ಪುಟ್ಟ ಕೊಂಡಿ ಮುರಿದಿತ್ತು. ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಹಸಿರು ದೀಪ ಹೊತ್ತಿತು. ಬಿಟ್ಟಳು. ಆರಿತು. ಒಂದು ಚೂರು ಕಾಗದ ಮಡಿಸಿ ತುರುಕಿದ್ದರೆ ಸಾಕಿತ್ತು. ಮೇಜಿನ ತುಂಬ ಕಾಗದವೇ ಇತ್ತು.

ಅವಳು ಕಳ್ಳಿಯಂತೆ ಅತ್ತಿತ್ತ ನೋಡಿ ಹಳೆಯ ವೈರನ್ನು ಕಿತ್ತಳು. ಗುಂಗುರುವಿನದನ್ನು ಮತ್ತೆ ಸಿಕ್ಕಿಸಿದಳು. ಖುಷಿಗೆ ಕಿವಿ ಬಿಸಿಯಾಗಿತ್ತು.

ಆಗಲೇ ನೆಟ್‌ವರ್ಕಿನವನು ಚೀಲ ಹೆಗಲಿಗೇರಿಸಿ ಬಂದ.

"ಏನ್ ಮೇಡಂ ಇದು, ಬಾಗಿಲಿಗೆ ಅಡ್ಡ? ಯಾರಾದ್ರೂ ಎಡವಿದ್ರೆ?"

"ಎಡವಿದ್ದಾರೆ," ಎಂದಳು, ಹೆಮ್ಮೆಯಿಂದ.

ಅವನು ಹೊಸ್ತಿಲ ಮೇಲಿನ ವೈರನ್ನು ಷೂ ತುದಿಯಿಂದ ಅತ್ತ ಸರಿಸಿದ. ಆಸ್ಪತ್ರೆಯಲ್ಲಿ ಮಲಗಿದವಳ ಡ್ರಿಪ್ಪಿನ ನಳಿಕೆಯನ್ನು ಯಾರೋ ಮೆಟ್ಟಿದಂತೆ ಅವಳ ಉಸಿರು ಕಟ್ಟಿತು. ಅವನು ಹಳೆಯ ವೈರು ಎತ್ತಿ ತುದಿ ನೋಡಿದ.

"ಇಷ್ಟೇನಾ. ಹೊಸ ತುದಿ ಹಾಕಿಕೊಡ್ತೀನಿ, ಐದೇ ನಿಮಿಷ. ಆಮೇಲೆ ಬಾಗಿಲು ಹಾಕ್ಕೊಂಡು ಆರಾಮಾಗಿ ಇರಬಹುದು."

"ಬೇಡ," ಎಂದಳು.