ಎಂಟು ಬೆರಳಿನ ಅಜ್ಜಿ

ನಮ್ಮಜ್ಜಿಯ ಬಲಗೈಯಲ್ಲಿ ಮೂರೇ ಬೆರಳು. ಉಂಗುರದ ಬೆರಳೂ ಕಿರುಬೆರಳೂ ಬುಡದಿಂದಲೇ ಇರಲಿಲ್ಲ. "ಎಲ್ಲಿ ಹೋದ್ವಜ್ಜಿ?" ಅಂತ ಕೇಳಿದರೆ, "ಹೇಳದೆ ಕೇಳದೆ ಓಡಿಹೋದ್ವು. ನೀನು ಹಾಗೆ ಮಾಡ್ಬೇಡ" ಅಂತಿದ್ದಳು. ಮಕ್ಕಳಿಗೂ ಮೊಮ್ಮಕ್ಕಳಿಗೂ ಸಿಕ್ಕಿದ್ದು ಅದೊಂದೇ ಉತ್ತರ. ಅವಳ ತೊಡೆಯ ಮೇಲೆ ಕೂತು ಎಣಿಸೋದು ಕಲಿತ ನನ್ನ ಮಗಳು ಶಾಲೆಗೆ ಸೇರಿದ ಮೇಲೂ ಎಂಟಕ್ಕೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಿದ್ದಳು.

ತೊಂಬತ್ತನಾಲ್ಕು ತುಂಬಿದ ಅಜ್ಜಿ ಒಂದು ಬೆಳಿಗ್ಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ಹೋದಳು. ಮಾರನೇ ದಿನ ಅವಳನ್ನು ಸ್ಮಶಾನಕ್ಕೆ ಕಳಿಸಿಕೊಡಲು ಸಿದ್ಧವಾಗುತ್ತಿದ್ದೆವು. ಅಷ್ಟರಲ್ಲಿ ಒಬ್ಬ ಮುದುಕಿ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಳು. ನಮಗ್ಯಾರಿಗೂ ಗುರುತಿಲ್ಲ. ಅಜ್ಜಿಯ ಬಲಗೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

"ನೂಲಿನ ಮಿಲ್ಲಿನಲ್ಲಿ ನಾವಿಬ್ಬರೂ ಹದಿನೆಂಟು ವರ್ಷ ಅಕ್ಕಪಕ್ಕ ನಿಂತವರು. ಈ ಬೆರಳಿನ ವಿಷಯ ನಿಮಗೆ ಹೇಳಿದ್ದಾಳೋ ಇಲ್ವೋ?"

"ಓಡಿಹೋದ್ವು ಅಂತಿದ್ಲು" ಅಂದೆ ನಾನು. ಅವಳು ನೀರು ಕುಡಿದು ಶುರು ಮಾಡಿದಳು.

ತಾತ ತೀರಿಕೊಂಡಾಗ ಅಜ್ಜಿಗೆ ಮೂವತ್ತು, ಮೂರು ಸಣ್ಣ ಮಕ್ಕಳು. ಮಿಲ್ಲಿನಲ್ಲಿ ಕಡಿದ ಎಳೆ ಸೇರಿಸುವ ಕೆಲಸಕ್ಕೆ ಸೇರಿದಳು. ಮಿಷನ್ನಿನ ತುದಿಯಲ್ಲಿ ಹಲ್ಲಿನ ಚಕ್ರ ಬಾಯಿ ತೆರೆದುಕೊಂಡೇ ತಿರುಗುತ್ತಿತ್ತು. ಒಂದು ದಿನ ಹತ್ತಿಯ ಕಸ ತೆಗೆಯೋಕೆ ಕೈ ಹಾಕಿದವಳ ಎರಡು ಬೆರಳು ಅದಕ್ಕೆ ಸಿಕ್ಕವು.

"ಎರಡು ತಿಂಗಳಿಗೆ ಅಕ್ಕ ವಾಪಸ್ ಬಂದ್ಲು. ಮೇಸ್ತ್ರಿ, 'ಮೂರು ಬೆರಳಲ್ಲಿ ಏನು ಗಂಟು ಹಾಕ್ತೀಯಮ್ಮ? ಪೊರಕೆ ಹಿಡಿ' ಅಂದ. 'ನಿಮ್ಮಲ್ಲಿ ಚುರುಕಾದವಳನ್ನ ಪಕ್ಕದಲ್ಲಿ ನಿಲ್ಲಿಸಿ, ಗಡಿಯಾರ ನೋಡಿ' ಅಂದ್ಲು ಇವಳು. ಆ ಚುರುಕಾದವಳು ನಾನೇ! ನಾನು ಹದಿನಾರು ಎಳೆ ಸೇರಿಸೋದರಲ್ಲಿ ಇವಳು ಇಪ್ಪತ್ತು ಮುಗಿಸಿ ನನ್ನ ಮುಖ ನೋಡ್ತಾ ನಿಂತಿದ್ಲು. ಮನೇಲಿ ಮಂಚದ ಕಾಲಿಗೆ ನೂಲು ಕಟ್ಟಿ ಅಭ್ಯಾಸ ಮಾಡಿದ್ಲಂತೆ. ಎಲ್ಲರೆದುರು ನನ್ನ ಮಾನ ಹರಾಜು!"

ಅಳುತ್ತಿದ್ದ ಅಜ್ಜಿಯ ಮಗಳು, ನಮ್ಮತ್ತೆಗೂ ನಗು ಬಂತು.

"ಮೇಸ್ತ್ರಿ, 'ಆಯ್ತು, ಮಿಷನ್ನಿಗೆ ಹೋಗು' ಅಂದ. ಇವಳು ಹೋಗ್ಲಿಲ್ಲ. 'ಎಲ್ಲ ಚಕ್ರಕ್ಕೂ ತಗಡು ಮುಚ್ಚಿಸಿ, ಆಮೇಲೆ ನಿಲ್ತೀನಿ' ಅಂತ ನೆಲದ ಮೇಲೆ ಕೂತುಬಿಟ್ಲು. ಸೋತ ಉರಿ ಇನ್ನೂ ಆರಿರಲಿಲ್ಲ ನನಗೆ. ಆದರೂ ಹೋಗಿ ಪಕ್ಕದಲ್ಲಿ ಕೂತೆ. ನೋಡ್ತಾ ನೋಡ್ತಾ ಅರವತ್ತು ಹೆಂಗಸರು! ಮಿಷನ್ನುಗಳು ನಿಂತ್ವು. ಮಿಲ್ಲಿನೊಳಗೆ ಮೊದಲನೇ ಸಲ ನಮ್ಮ ಮಾತು ನಮಗೆ ಕೇಳಿಸ್ತು."

ಮೂರನೇ ದಿನ ಮ್ಯಾನೇಜರೇ ಬಂದನಂತೆ. "ನಿನ್ನ ಮಿಷನ್ನಿಗೆ ಇವತ್ತೇ ಹಾಕಿಸ್ತೀನಿ, ಏಳಮ್ಮ" ಅಂದನಂತೆ.

"ನನ್ನ ಬೆರಳು ಹೋಗಿಯಾಯ್ತಲ್ಲ ಸ್ವಾಮಿ, ನನ್ನದಕ್ಕೆ ಕಡೇಲಿ ಹಾಕಿ" ಅಂದಳಂತೆ ಅಜ್ಜಿ.

ಒಂದೇ ವಾರದಲ್ಲಿ ಎಲ್ಲ ಚಕ್ರಕ್ಕೂ ತಗಡು ಬಂತು. ಅಲ್ಲಿಂದ ಮಿಲ್ಲು ಮುಚ್ಚುವವರೆಗೆ ಅಲ್ಲಿ ಇನ್ನೊಬ್ಬಳ ಬೆರಳು ಹೋಗಲಿಲ್ಲ.

"ನಮಗ್ಯಾಕೆ ಹೇಳ್ಲಿಲ್ಲ?" ದೊಡ್ಡಪ್ಪ ಕೇಳಿದರು.

"ನಿಮ್ಮನ್ನ ಸಾಕೋದರಲ್ಲಿ ಪುರುಸೊತ್ತೆಲ್ಲಿತ್ತಪ್ಪ! ಸರಿ, ಕೆಳಗೆ ನೋಡಿ. ನಮ್ಮ ಮಿಲ್ಲಿನವರು, ಮೆಟ್ಟಿಲು ಹತ್ತೋಕಾಗದವರೆಲ್ಲ ಅಲ್ಲೇ ಇದ್ದಾರೆ."

ಬಾಲ್ಕನಿಗೆ ಓಡಿದೆವು. ಬೀದಿಯ ತಿರುವಿನವರೆಗೂ ಹೆಂಗಸರು. ಕೋಲು ಹಿಡಿದವರು, ಮಗಳ ಹೆಗಲು ಹಿಡಿದವರು, ಗಾಲಿಕುರ್ಚಿಯಲ್ಲಿ ಒಬ್ಬಳು. ಆಟೋಗಳು ಮುಂದೆ ಹೋಗಲಾರದೆ ನಿಂತಿದ್ದವು. ಹಾರ್ನ್ ಒತ್ತಿದವನಿಗೆ ಒಬ್ಬಾಕೆ ಕೋಲು ತೋರಿಸಿದಳು, ಅವನು ತೆಪ್ಪಗಾದ.

ನಾವು ಅಜ್ಜಿಯನ್ನು ಕೆಳಗಿಳಿಸಿದೆವು. ಹೆಂಗಸರು ಮನೆಯವರಿಗೆ ದಾರಿ ಬಿಟ್ಟು ಗೋಡೆಗೆ ಸರಿದರು. ದೊಡ್ಡಪ್ಪ ತಲೆ ಎತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದರು: "ನೀವು ಮುಂದೆ ನಡೀರಮ್ಮ. ನಾವು ಹಿಂದೆ ಬರ್ತೀವಿ."